ಪರಚಿತ್ತಜ್ಞಾನವೋ, ಚಿತ್ತೋಹವೋ?

ಈ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮನೋರೋಗಚಿಕಿತ್ಸೆಯನ್ನು ಕುರಿತು ಬರೆದ ಲೇಖನವನ್ನು ವಾಚಕಮಹಾಶಯರು ಓದಿರಬಹುದು. ಲೇಖಕರು ನನಗೆ ಬಹುಕಾಲದ ಸ್ನೇಹಿತರು. ಒಂದೇ ಪಾಠಶಾಲೆಯಲ್ಲಿ ಒಂದೇ ಗುರುಗಳ ಮುಂದೆ ಕುಳಿತು ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವರು ನಾವು. ಆದುದರಿಂದ ಈ ಖಂಡನೆಯು ವೈರದಿಂದ ಹುಟ್ಟಿತೆಂದು ಯಾರೂ ಭಾವಿಸಬಾರದು. ಆದರೆ ಸ್ನೇಹವಿದೆಯೆಂದು ಸುಮ್ಮನಿರತಕ್ಕಷ್ಟು ಹಗುರವಾದ ವಿಷಯವೂ ಇದಲ್ಲ. ನನ್ನ ಹತ್ತಿರದ ಬಂಧುಗಳ ಮನೆಯೊಂದರಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಏಳು ತಿಂಗಳಿಂದ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಒಬ್ಬ ಚಿಕಿತ್ಸಕಿಯನ್ನು ಕಂಡುಬರುತ್ತಿದ್ದಳು. ಆ ಮನೆಯ ಯಜಮಾನರು ನಮ್ಮ ಪತ್ರಿಕೆಯ ಚಂದಾದಾರರು. ಲೇಖನವನ್ನು ಓದಿದ ವಾರವೇ ಅವರು ಮಗಳ ಪ್ರಯಾಣವನ್ನು ನಿಲ್ಲಿಸಿದರು. ನಾನು ಹೋಗಿ ಕೇಳಿದಾಗ ಪತ್ರಿಕೆಯನ್ನು ತೆಗೆದು ನನ್ನ ಮುಂದಿರಿಸಿ, "ನಿಮ್ಮ ಸ್ನೇಹಿತರೇ ಬರೆದಿದ್ದಾರಲ್ಲ, ಮೇಷ್ಟ್ರೆ" ಎಂದರು. ಈ ಉತ್ತರವನ್ನು ಕೇಳಿಬಂದಮೇಲೆ ನನಗೆ ಬರೆಯದೆ ಗತ್ಯಂತರವಿಲ್ಲವಾಯಿತು.

ಸ್ನೇಹಿತರ ಪ್ರತಿಪಾದನೆಯ ಸಾರವಿಷ್ಟು. ಲಂಡನ್ನಿನಲ್ಲಿ ಹುಟ್ಟಿ ಈಗ ನಮ್ಮ ದೇಶಕ್ಕೂ ಬಂದಿರುವ 'ಮೆಂಟಲೈಸೇಷನ್' ಎಂಬ ಚಿಕಿತ್ಸಾಮಾರ್ಗವು ತನ್ನ ಮತ್ತು ಪರರ ಮನಸ್ಸನ್ನು ಅರಿಯುವ ವಿದ್ಯೆಯಂತೆ. ಹಾಗಾದರೆ ಅದು ಪತಂಜಲಿಗಳು ಹೇಳಿದ ಪರಚಿತ್ತಜ್ಞಾನವೇ ಹೊರತು ಬೇರೆಯಲ್ಲ. ನಮ್ಮದನ್ನೇ ನಮಗೆ ಹೊಸ ಹೆಸರಿನಿಂದ ಮಾರುತ್ತಿರುವರು. ಇದಲ್ಲದೆ, ಮಗುವಿನ ಮನಸ್ಸನ್ನು ಹೆತ್ತವರಿಗಿಂತ ಚೆನ್ನಾಗಿ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ಅನ್ಯರು ಬಲ್ಲರೆಂಬುದು ನಗೆಗೀಡಾದ ಮಾತು. ತಮ್ಮ ಮೈಗೆ ತಾವೇ ಗಾಯಮಾಡಿಕೊಳ್ಳುವ ಎಳೆಯರು ನಾಲ್ವರ ಕಣ್ಣು ತಮ್ಮ ಮೇಲೆ ಬೀಳಲೆಂದು ನಾಟಕವಾಡುವವರು. ಅವರಿಗೆ ಬೇಕಾದುದು ಶಿಸ್ತು.

ಮೊದಲು ಆ ಚಿಕಿತ್ಸೆಯೆಂದರೆ ಏನೆಂಬುದನ್ನು ಹೇಳುವೆನು. ಲೇಖನದಲ್ಲಿ ಅದೊಂದು ಇರಲಿಲ್ಲ. ಬುಡಾಪೆಸ್ಟಿನಲ್ಲಿ 1952ರಲ್ಲಿ ಹುಟ್ಟಿ ಎಳವೆಯಲ್ಲಿಯೇ ಇಂಗ್ಲೆಂಡಿಗೆ ಹೋದ ಪೀಟರ್ ಫೊನಗಿ ಎಂಬ ಮನಶ್ಶಾಸ್ತ್ರಜ್ಞರೂ ಆಂಥೊನಿ ಬೇಟ್‌ಮನ್ ಎಂಬ ಮನೋವೈದ್ಯರೂ ಕೂಡಿ ಇದನ್ನು ರೂಪಿಸಿದರು. ಇವರು ಕೈಗೆತ್ತಿಕೊಂಡುದು ಬಹು ಕಷ್ಟದ ರೋಗಿಗಳನ್ನು. ವೈದ್ಯರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಕರೆಯುವ ಈ ವ್ಯಾಧಿಯಲ್ಲಿ ಭಾವಗಳು ಕ್ಷಣಮಾತ್ರದಲ್ಲಿ ಉಕ್ಕುವುವು, ಬೆಳಗಿನ ಪ್ರೀತಿಯು ಸಂಜೆಗೆ ದ್ವೇಷವಾಗುವುದು, ರೋಗಿಯು ಪದೇ ಪದೇ ತನ್ನ ಪ್ರಾಣಕ್ಕೇ ಅಪಾಯ ತಂದುಕೊಳ್ಳುವನು. ಅವರ ಮೊದಲ ಪರೀಕ್ಷೆಯ ಫಲವು 1999ರಲ್ಲಿ ಪ್ರಕಟವಾಯಿತು. ರೋಗಿಗಳ ಸಂಖ್ಯೆ ಸಣ್ಣದು, ನಲವತ್ತರ ಸುಮಾರು. ಅರ್ಧದಷ್ಟು ಜನಕ್ಕೆ ಈ ಚಿಕಿತ್ಸೆ, ಉಳಿದವರಿಗೆ ವಾಡಿಕೆಯ ವೈದ್ಯ. ಚಿಕಿತ್ಸೆಯ ಕಾಲ ಹದಿನೆಂಟು ತಿಂಗಳು. ಪರೀಕ್ಷೆಯು ಆರಂಭವಾದ ಎಂಟು ವರ್ಷಗಳ ಬಳಿಕ ಅದೇ ಜನರನ್ನು ಮತ್ತೆ ಹುಡುಕಿ ನೋಡಿದ ವರದಿಯು 2008ರಲ್ಲಿ ಬಂದಿತು. ವಾಡಿಕೆಯ ವೈದ್ಯವನ್ನು ಪಡೆದವರಲ್ಲಿ ಆ ಕಾಲದೊಳಗೆ ಆತ್ಮಹತ್ಯೆಗೆ ಪ್ರಯತ್ನಿಸಿದವರು ನೂರಕ್ಕೆ 74. ಈ ಚಿಕಿತ್ಸೆಯನ್ನು ಪಡೆದವರಲ್ಲಿ ನೂರಕ್ಕೆ 23. ರೋಗಲಕ್ಷಣವು ಪೂರ್ತಿಯಾಗಿ ಉಳಿದಿದ್ದವರು ಅಲ್ಲಿ ನೂರಕ್ಕೆ 87, ಇಲ್ಲಿ 13. ಸಂಖ್ಯೆ ಸಣ್ಣದೆಂಬ ಆಕ್ಷೇಪವು ನ್ಯಾಯವಾದುದೇ. ಆದರೆ ನಾಟಕವು ಹದಿನೆಂಟು ತಿಂಗಳ ಮಾತುಕತೆಯಿಂದ ವಾಸಿಯಾಗುವ ವಸ್ತುವೇ ಎಂಬುದನ್ನು ಸ್ನೇಹಿತರು ಆಲೋಚಿಸಲಿ.

ಆ ಮಾತುಕತೆಯಲ್ಲಿ ನಡೆಯುವುದೇನು? ಚಿಕಿತ್ಸಕನು ರೋಗಿಯ ಮನಸ್ಸನ್ನು ಓದಿ ಹೇಳುವನೆಂದು ಸ್ನೇಹಿತರು ತಿಳಿದಿರುವರು. ನಿಜವು ಇದಕ್ಕೆ ತೀರ ವಿಪರೀತವಾಗಿದೆ. ಅಲ್ಲಿ ಚಿಕಿತ್ಸಕನಿಗೆ ಕಲಿಸುವ ಮೊದಲ ಪಾಠವೇ 'ನನಗೆ ತಿಳಿಯದು' ಎಂಬ ನಿಲುವು. "ನಿನಗೆ ತಂದೆಯ ಮೇಲೆ ಸಿಟ್ಟು, ಅದಕ್ಕೇ ಹೀಗೆ ಮಾಡಿದೆ" ಎಂದು ಅವನು ತೀರ್ಪು ಕೊಡಕೂಡದು. ರೋಗಿಯು, "ನನ್ನನ್ನು ಕಂಡರೆ ಗೆಳತಿಗೆ ಅಸಹ್ಯ" ಎಂದರೆ, ಅವನು ಮಾತನ್ನು ಅಲ್ಲಿಯೇ ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ಕರೆದೊಯ್ದು, ಅವಳು ಏನೆಂದಳು, ಯಾವ ಗಳಿಗೆಯಲ್ಲಿ ನಿನಗೆ ಹಾಗೆನ್ನಿಸಿತು, ಅದಕ್ಕೆ ಮುಂಚೆ ನಿನ್ನ ಮನಸ್ಸು ಹೇಗಿತ್ತು, ಅವಳ ಮೌನಕ್ಕೆ ಬೇರೆ ಕಾರಣವೂ ಇರಬಹುದೆ ಎಂದು ವಿಚಾರಿಸುವನು. ತಾನು ತಪ್ಪಿದರೆ, "ನಾನು ನಿನ್ನನ್ನು ತಪ್ಪಾಗಿ ತಿಳಿದೆ, ಅದು ಹೇಗಾಯಿತೆಂದು ನೋಡೋಣ" ಎಂದು ಬಾಯಿಬಿಟ್ಟು ಹೇಳುವನು. ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಈ ಒಂದು ವಾಕ್ಯವನ್ನು ಎಷ್ಟು ಸಾರಿ ಹೇಳಿರುವೆವು? ನಾನಂತೂ ಅರುವತ್ತು ದಾಟುವವರೆಗೆ ಹೇಳಿದುದಿಲ್ಲ.

ಮನಸ್ಸಿನ ಈ ಶಕ್ತಿಯು ಕುಂದಿದಾಗ ಮನುಷ್ಯನು ಮೂರು ಬಗೆಯಾಗಿ ಜಾರುವನೆಂದು ಫೊನಗಿಯವರೂ ಅವರ ಸಂಗಡಿಗರೂ ಹೇಳುವರು. ಒಂದರಲ್ಲಿ, ತನಗೆ ತೋರಿದುದೇ ಲೋಕದಲ್ಲಿರುವುದು. 'ಅವರು ನನ್ನನ್ನು ಕೀಳಾಗಿ ಕಾಣುವರು' ಎಂಬುದು ಒಂದು ಭಾವನೆಯಲ್ಲ, ಕಲ್ಲಿನಂತಹ ಸತ್ಯ. ಇನ್ನೊಂದರಲ್ಲಿ, ಮನಸ್ಸನ್ನು ಕುರಿತ ಮಾತು ಧಾರಾಳವಾಗಿ ಹರಿಯುವುದು, ಅದರೊಳಗೆ ತೇವವಿರುವುದಿಲ್ಲ. ವೇದಿಕೆಯ ಮೇಲೆ ವೈರಾಗ್ಯವನ್ನು ಕುರಿತು ಒಂದು ಗಂಟೆ ಉಪನ್ಯಾಸಮಾಡಿ ಇಳಿದುಬಂದು, ಹಾರವು ಸಣ್ಣದಾಯಿತೆಂದು ಮುನಿಸಿಕೊಳ್ಳುವವರನ್ನು ನಾವು ಕಂಡಿಲ್ಲವೆ? ಮೂರನೆಯದರಲ್ಲಿ, ಕಣ್ಣಿಗೆ ಕಾಣುವ ಕ್ರಿಯೆಯೊಂದೇ ಪ್ರಮಾಣ: 'ಪ್ರೀತಿಯಿದ್ದರೆ ಇಂದಿನ ಸಂಜೆಯ ಬಸ್ಸಿಗೇ ಬರಬೇಕಾಗಿತ್ತು, ಬರಲಿಲ್ಲ, ಆದುದರಿಂದ ಪ್ರೀತಿಯಿಲ್ಲ.' ತನ್ನ ನೋವನ್ನು ಮಾತಿನಿಂದ ಯಾರೂ ನಂಬುವುದಿಲ್ಲವೆಂದು ತೀರ್ಮಾನಿಸಿದ ಎಳೆಯ ಜೀವವು ಅದನ್ನು ಮೈಮೇಲೆ ಬರೆದು ತೋರಿಸುವುದೂ ಹಲವು ವೇಳೆ ಈ ಮೂರನೆಯದರ ಫಲವೇ. ಸ್ನೇಹಿತರು ನಾಟಕವೆಂದು ಕರೆದುದು ಇದನ್ನು. ಈ ದೇಶದಲ್ಲಿ 2017ರಲ್ಲಿ ಆದ ಮಾನಸಿಕ ಆರೋಗ್ಯಪಾಲನೆಯ ಕಾನೂನು ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರವಾದ ಸಂಕಟದಲ್ಲಿದ್ದನೆಂದೇ, ಬೇರೆ ರುಜುವಾತಾಗುವವರೆಗೆ, ಗ್ರಹಿಸಬೇಕೆನ್ನುತ್ತದೆ. ಕಾನೂನಿಗೆ ಬಂದ ಈ ಕರುಣೆ ಕಾವ್ಯಾಲಂಕಾರಗಳನ್ನು ಓದಿದ ನಮಗೆ ಬಾರದೆ ಹೋಯಿತೆ?

ಇನ್ನು ಪತಂಜಲಿಗಳ ವಿಚಾರ. ಸ್ನೇಹಿತರು ವಿಭೂತಿಪಾದದ ಒಂದು ಸೂತ್ರವನ್ನು ತೆಗೆದುಕೊಂಡು ಅದರ ಮುಂದಿನದನ್ನು ಬಿಟ್ಟಿರುವರು. ಸಂಯಮದಿಂದ ಯೋಗಿಗೆ ಪರಚಿತ್ತದ ಜ್ಞಾನವಾಗುವುದೆಂಬುದು ಹತ್ತೊಂಬತ್ತನೆಯ ಸೂತ್ರ. ಅದಾದೊಡನೆಯೇ, ಆ ಜ್ಞಾನವು ಆಲಂಬನದೊಡನೆ ಕೂಡಿದುದಲ್ಲ, ಆಲಂಬನವು ಯೋಗಿಗೆ ವಿಷಯವಾಗಿರುವುದಿಲ್ಲವಾದುದರಿಂದ, ಎಂಬ ಮಾತು ಬರುತ್ತದೆ. (ಕೆಲವು ಪಾಠಗಳಲ್ಲಿ ಇದು ಸೂತ್ರವಲ್ಲ, ಭಾಷ್ಯದ ಭಾಗ. ಅದರಿಂದ ನನ್ನ ವಾದಕ್ಕೆ ಬಾಧಕವಿಲ್ಲ.) ಇದರ ತಾತ್ಪರ್ಯವೇನು? ಎದುರಿಗಿರುವವನ ಚಿತ್ತವು ರಾಗದಿಂದ ಕೂಡಿದೆಯೆಂಬುದು ಯೋಗಿಗೆ ತಿಳಿಯುವುದು. ಯಾವುದರ ಮೇಲಿನ ರಾಗವೆಂಬುದು ತಿಳಿಯದು. ಸ್ನೇಹಿತರೆ, ಸಂಯಮಸಿದ್ಧನಾದ ಯೋಗಿಗೇ ಶಾಸ್ತ್ರಕಾರರು ಹಾಕಿದ ಬೇಲಿ ಇದು. ಹುಡುಗಿಯು ದುಃಖದಲ್ಲಿರುವಳೆಂದು ಯೋಗಿಯು ತಿಳಿಯಬಹುದು, ಯಾತಕ್ಕಾಗಿ ಎಂಬುದನ್ನು ಅವಳನ್ನೇ ಕೇಳಬೇಕು. ನಾವೋ ಪ್ರಾಣಾಯಾಮವನ್ನು ಸಹ ನೆಟ್ಟಗೆ ಮಾಡದವರು, "ಅವಳಿಗೆ ಬೇಕಾದುದು ನಾಲ್ವರ ಗಮನ" ಎಂದು ಆಲಂಬನಸಹಿತವಾಗಿಯೇ ಹೇಳಿಬಿಡುವೆವು!

ನೈಯಾಯಿಕರನ್ನು ಕೇಳಿದರೂ ಇದೇ ಉತ್ತರ. ನನ್ನ ಸುಖದುಃಖಗಳು ನನಗೆ ಮಾನಸಪ್ರತ್ಯಕ್ಷ, ಪರರವು ಅನುಮಾನಗಮ್ಯ. ಮೀಮಾಂಸಕರಲ್ಲಿ ಭಾಟ್ಟರು ಇನ್ನೂ ಮುಂದೆ ಹೋಗಿ, ನನ್ನ ಜ್ಞಾನವೂ ನನಗೆ ನೇರಾಗಿ ಪ್ರತ್ಯಕ್ಷವಲ್ಲ, ವಿಷಯದಲ್ಲಿ ತೋರುವ ಜ್ಞಾತತೆಯಿಂದ ಅದನ್ನು ಊಹಿಸಿಕೊಳ್ಳಬೇಕು ಎಂದರು. ಬೌದ್ಧರಲ್ಲಿ ಧರ್ಮಕೀರ್ತಿಯು ಪರರಿಗೆ ಚಿತ್ತವುಂಟೆಂಬುದನ್ನು ಸಾಧಿಸುವುದಕ್ಕಾಗಿಯೇ ಸಂತಾನಾಂತರಸಿದ್ಧಿ ಎಂಬ ಗ್ರಂಥವನ್ನು ರಚಿಸಬೇಕಾಯಿತು. ಅದು ಟಿಬೆಟ್ಟಿನ ಭಾಷೆಯಲ್ಲಿ ಉಳಿದುಬಂದಿದೆ. ಪರರ ಮನಸ್ಸು ಅಂಗೈಯ ನೆಲ್ಲಿಕಾಯಿಯಾಗಿದ್ದರೆ ಇಷ್ಟು ದೊಡ್ಡ ಬುದ್ಧಿಶಾಲಿಗಳು ಇಷ್ಟೊಂದು ಶ್ರಮಪಡುತ್ತಿದ್ದರೆ? ಅನುಮಾನವೆಂದಮೇಲೆ ಹೇತ್ವಾಭಾಸದ ಭಯವಿದ್ದೇ ಇದೆ. ದೂರದ ಧೂಳನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಸಾಧಿಸುವವನ ಗತಿಯು ಏನೆಂಬುದನ್ನು ನಮ್ಮ ಗುರುಗಳು ನಮ್ಮಿಬ್ಬರಿಗೂ ಕಲಿಸಿದ್ದರು. ಈ ಕಾರಣದಿಂದಲೇ ಮೆಂಟಲೈಸೇಷನ್ ಎಂಬುದಕ್ಕೆ ಪರಚಿತ್ತಜ್ಞಾನವೆಂಬ ಸ್ನೇಹಿತರ ಅನುವಾದವನ್ನು ನಾನು ಒಪ್ಪೆನು. ಜ್ಞಾನವೆಂಬ ಪದವು ಇಲ್ಲಿ ಬರಕೂಡದು. ಒಂದು ಹೆಸರು ಬೇಕೇಬೇಕೆಂದರೆ ಚಿತ್ತೋಹವೆನ್ನಬಹುದು. ಮನಸ್ಸನ್ನು ಕುರಿತ ಊಹೆ, ತಿದ್ದುಪಡಿಗೆ ಸದಾ ತೆರೆದಿರುವ ಊಹೆ. ಇದಕ್ಕಿಂತ ಹಿತವಾದ ಕನ್ನಡ ಪದವನ್ನು ಯಾರಾದರೂ ಸೂಚಿಸಿದರೆ ನನ್ನದನ್ನು ಸಂತೋಷದಿಂದ ಹಿಂತೆಗೆದುಕೊಳ್ಳುವೆನು.

ಹೆತ್ತವರು ಬಲ್ಲರೆಂಬ ಮಾತಿನಲ್ಲಿ ಸತ್ಯಾಂಶವುಂಟು, ಆದರೆ ಸ್ನೇಹಿತರು ಎಣಿಸಿದ ಜಾಗದಲ್ಲಿ ಅಲ್ಲ. ಪರರಿಗೆ ತನ್ನದಲ್ಲದ ಮನಸ್ಸೊಂದು ಇದೆಯೆಂಬ ತಿಳಿವು ಮಗುವಿಗೆ ಹುಟ್ಟಿನಿಂದ ಸಿದ್ಧವಾಗಿರುವುದಿಲ್ಲ. ಹೈಂಜ್ ವಿಮ್ಮರ್, ಯೋಸೆಫ್ ಪೆರ್ನರ್ ಎಂಬ ಇಬ್ಬರು ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದುಂಟು. ಹುಡುಗನು ಮಿಠಾಯಿಯನ್ನು ಒಂದು ಬೀರುವಿನಲ್ಲಿಟ್ಟು ಆಡಲು ಹೋಗುವನು. ತಾಯಿಯು ಅದನ್ನು ಬೇರೊಂದು ಬೀರುವಿಗೆ ಸಾಗಿಸುವಳು. ಮರಳಿ ಬಂದ ಹುಡುಗನು ಎಲ್ಲಿ ಹುಡುಕುವನು? ಮೂರು ವರ್ಷದ ಕೂಸುಗಳು ಸಾಮಾನ್ಯವಾಗಿ ಅದು ಈಗಿರುವ ಜಾಗವನ್ನೇ ತೋರಿಸುವುವು. ತನಗೆ ಗೊತ್ತಿರುವುದು ಅವನಿಗೂ ಗೊತ್ತು! ನಾಲ್ಕೈದರ ವಯಸ್ಸಿಗೆ ಉತ್ತರವು ಸರಿಹೋಗುವುದು. ನಾನು ಕೊಬ್ಬರಿಮಿಠಾಯಿಯನ್ನೂ ಎರಡು ಡಬ್ಬಿಗಳನ್ನೂ ಇಟ್ಟುಕೊಂಡು ನನ್ನ ಮೊಮ್ಮಗನ ಮೇಲೆ ಇದನ್ನು ಪ್ರಯೋಗಿಸಿ ನೋಡಿದೆನು. ಮೂರು ತುಂಬಿದ ಆ ಪಂಡಿತನು ತಪ್ಪು ಉತ್ತರವನ್ನು ಬಹು ಧೈರ್ಯದಿಂದ ಹೇಳಿ ಮಿಠಾಯಿಯನ್ನೂ ತಿಂದನು. ನಮ್ಮಲ್ಲಿ ಅನೇಕರು ಮನಸ್ಸಿನ ವಿಷಯದಲ್ಲಿ ಆ ಮೂರರ ವಯಸ್ಸಿಗೆ ದಿನಕ್ಕೆ ನಾಲ್ಕು ಸಲ ಹಿಂದಿರುಗುವೆವು, ಕೋಪ ಬಂದಾಗ ತಪ್ಪದೆ.

ತಾಯಿಯ ಪಾತ್ರವು ಇಲ್ಲಿದೆ. ಮಗುವು ಹೆದರಿ ಅತ್ತಾಗ ಅವಳು ಆ ಹೆದರಿಕೆಯನ್ನು ತನ್ನ ಮುಖದಲ್ಲಿ ಸ್ವಲ್ಪ ಮಾರ್ಪಡಿಸಿ, "ಅಯ್ಯೋ ಕಂದ, ಭಯವಾಯಿತೇನೋ" ಎಂದು ತೋರಿಸುವಳು, ತಾನೇ ಹೆದರುವುದಿಲ್ಲ. ಆ ಕನ್ನಡಿಯಲ್ಲಿ ಮಗುವು ತನಗಾಗುತ್ತಿರುವುದು ಭಯವೆಂದು ಕಲಿಯುವುದು. ಹೀಗಲ್ಲದೆ ತಾಯಿಯು ತಾನೇ ನಡುಗಿದರೆ, ಅಥವಾ "ನಿನಗೆ ಭಯವೇನೂ ಇಲ್ಲ, ಹಟ ಅಷ್ಟೆ" ಎಂದರೆ, ಮಗುವು ತನ್ನದಲ್ಲದ ಮುಖವನ್ನು ತನ್ನದೆಂದು ಒಳಕ್ಕೆ ತೆಗೆದುಕೊಳ್ಳುವುದು. ಫೊನಗಿ, ಗೆರ್ಗೆಲಿ, ಜುರಿಸ್ಟ್, ಟಾರ್ಗೆಟ್ ಎಂಬ ನಾಲ್ವರು 2002ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತರಿಸಿರುವರು. ಹೆತ್ತವರು ಮಗುವಿನ ಮನಸ್ಸನ್ನು ಬಲ್ಲರು ಎಂಬುದಕ್ಕಿಂತ, ಹೆತ್ತವರು ಹೇಗೆ ಬಗೆದರೋ ಹಾಗೆ ಮಗುವು ತನ್ನ ಮನಸ್ಸನ್ನು ಬಲ್ಲದು ಎಂಬುದೇ ಸರಿಯಾದ ಮಾತು. ಬಗೆದುದು ತಪ್ಪಾದರೆ ಅದನ್ನು ತಿದ್ದಲು ಮತ್ತೊಬ್ಬರು ಬೇಕಾಗಬಹುದು. ಹಣ ತೆಗೆದುಕೊಂಡರೆಂಬುದು ಅವರ ದೋಷವಾದರೆ, ಮೂವತ್ತುಮೂರು ವರ್ಷ ಸಂಬಳವನ್ನೂ ಈಗ ಪಿಂಚಣಿಯನ್ನೂ ತೆಗೆದುಕೊಂಡ ನನ್ನ ದೋಷವೂ ಅಲ್ಪವಲ್ಲ.

ಆ ದೋಷಗಳಲ್ಲಿ ಒಂದನ್ನು ಇಲ್ಲಿಯೇ ಒಪ್ಪಿಕೊಳ್ಳುವೆನು. ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿದ್ದನು. ಶಬ್ದರೂಪವನ್ನು ತಪ್ಪಿದಾಗ ನಾನು ಗದರಿಸಿದರೆ ಅವನು ನಗುತ್ತಿದ್ದನು. ಗದರಿಕೆ ಹೆಚ್ಚಿದಷ್ಟೂ ನಗುವೂ ಹೆಚ್ಚು. ನಗುವೆಂಬ ಹೇತುವಿನಿಂದ ತಿರಸ್ಕಾರವೆಂಬ ಸಾಧ್ಯವನ್ನು ನಾನು ನಿಸ್ಸಂದೇಹವಾಗಿ ಸಾಧಿಸಿದೆನು. ಬೆತ್ತದಿಂದ ನಿಗಮನವನ್ನೂ ಮಾಡಿದೆನು. ಒಂದು ದಿನವಲ್ಲ, ಒಂದು ವರ್ಷ. ಇಪ್ಪತ್ತು ವರ್ಷಗಳಾದಮೇಲೆ ಬಸ್‌ನಿಲ್ದಾಣದಲ್ಲಿ ಒಬ್ಬ ಗೃಹಸ್ಥನು ಕಾಲಿಗೆ ನಮಸ್ಕರಿಸಿ ತನ್ನ ಗುರುತು ಹೇಳಿದನು. ಅವನೇ. ಕಾಫಿ ಕುಡಿಯುತ್ತಿರುವಾಗ ನಾನು ಹಾಸ್ಯಕ್ಕೆಂಬಂತೆ ಆ ನಗುವಿನ ಮಾತೆತ್ತಿದೆನು. ಅವನು ಲೋಟವನ್ನು ಕೆಳಗಿಟ್ಟು, "ನಮ್ಮ ತಂದೆ ಕುಡಿದು ಬಂದಾಗ ನಾವು ಯಾರಾದರೂ ಅತ್ತರೆ ಎಲ್ಲರಿಗೂ ಏಟು ಬೀಳುತ್ತಿತ್ತು ಸಾರ್. ಅಮ್ಮ ನಗುತ್ತಿರಿ ಎಂದು ಹೇಳಿಕೊಟ್ಟಿದ್ದರು. ಭಯವಾದರೆ ನನಗೆ ಈಗಲೂ ನಗು ಬರುತ್ತದೆ" ಎಂದನು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದನು. ಕಾಫಿಯ ಹಣವನ್ನು ಅವನೇ ಕೊಟ್ಟಿದ್ದನು. "ಯಾಕಪ್ಪಾ ನಗುತ್ತೀಯ?" ಎಂದು ಒಂದು ಸಾರಿ, ಬೆತ್ತವನ್ನು ಮೇಜಿನ ಮೇಲಿಟ್ಟು ಕೇಳಿದ್ದರೆ ನನಗೆ ಏನು ನಷ್ಟವಾಗುತ್ತಿತ್ತು?

ಪ್ರತಿಪಕ್ಷದಲ್ಲಿ ಒಪ್ಪತಕ್ಕ ಅಂಶಗಳೂ ಇವೆ. ಈ ಮಾರ್ಗವೊಂದೇ ದಾರಿಯೆಂದು ನಾನು ಹೇಳುವುದಿಲ್ಲ. ಫೊನಗಿ, ಬೇಟ್‌ಮನ್‌ರವರೇ 134 ಮಂದಿಯ ಮೇಲೆ ನಡಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ರಮಬದ್ಧವಾದ ಸಾಧಾರಣ ಆರೈಕೆಯನ್ನು ಪಡೆದವರೂ ಗಣನೀಯವಾಗಿ ಚೇತರಿಸಿಕೊಂಡರು. ಈ ಚಿಕಿತ್ಸೆಯವರು ಇನ್ನೂ ಬೇಗ, ಅಷ್ಟೆ. ಇದರಲ್ಲಿ ನುರಿತವರು ನಮ್ಮಲ್ಲಿ ಕಡಮೆ, ಇರುವವರು ಹೆಚ್ಚಾಗಿ ದೊಡ್ಡ ಊರುಗಳಲ್ಲಿ; ವೆಚ್ಚವೂ ಉಂಟು. (ಅವಸರದಲ್ಲಿ ಹಣವಿಲ್ಲದೆ ಮಾತಾಡಲು 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ 14416 ನಡೆಯುತ್ತಿದೆ, ಕನ್ನಡದಲ್ಲಿಯೂ ಮಾತಾಡಬಹುದು.) ಇನ್ನೊಂದು, ಊಹೆಯೂ ಅತಿಯಾಗಬಹುದು. ಕಾರ್ಲಾ ಶಾರ್ಪ್ ಎಂಬವರು ತಮ್ಮ ಸಂಗಡಿಗರೊಡನೆ 2011ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಈ ರೋಗಲಕ್ಷಣವುಳ್ಳ ಹದಿಹರೆಯದವರ ಕಷ್ಟವು ಪರರ ಮನಸ್ಸನ್ನು ಊಹಿಸದಿರುವುದಲ್ಲ, ಕಂಡುದಕ್ಕಿಂತ ಬಹು ಹೆಚ್ಚಾಗಿ ಊಹಿಸುವುದೆಂದು ಕಂಡುಬಂದಿತು. ಇದಕ್ಕೆ ನಮಗೆ ಹೊರದೇಶದ ಸಾಕ್ಷ್ಯವೇ ಬೇಕಿಲ್ಲ. ಅತ್ತೆಯು ಲೋಟವನ್ನು ಕೊಂಚ ಸದ್ದಾಗಿ ಇಟ್ಟುದರಿಂದ ಹೊರಟು, ತವರಿನ ಅವಮಾನ, ವರೋಪಚಾರದ ಹಳೆಯ ಕಥೆ, ಮುಂದಿನ ಹಬ್ಬದ ಸೀರೆಯವರೆಗೆ ಅರ್ಧ ಗಂಟೆಯಲ್ಲಿ ಮುಟ್ಟುವ ಅನುಮಾನಪರಂಪರೆಯನ್ನು ಯಾವ ಮನೆಯವರು ಕಂಡಿಲ್ಲ? ಬಹುಶಃ ಲೋಟವು ಬಿಸಿಯಾಗಿತ್ತು.

ಬಂಧುಗಳ ಮನೆಯ ಹುಡುಗಿಯ ವಿಷಯಕ್ಕೆ ಬರುವೆನು. ಏಳು ತಿಂಗಳಲ್ಲಿ ಅವಳಲ್ಲಿ ಆದ ಮಾರ್ಪಾಡು ದೊಡ್ಡದೆಂದು ನಾನು ಉಬ್ಬಿಸಿ ಹೇಳುವುದಿಲ್ಲ. ಮೊದಲು, ತಂದೆ ಊಟಕ್ಕೆ ಕರೆಯದಿದ್ದರೆ, "ನಾನು ಸತ್ತರೂ ಇವರಿಗೆ ಚಿಂತೆಯಿಲ್ಲ" ಎಂದು ಕದ ಹಾಕಿಕೊಳ್ಳುತ್ತಿದ್ದಳು. ಕದದ ಹಿಂದೆ ನಡೆದುದನ್ನು ಮರುದಿನ ಅವಳ ತೋಳು ಹೇಳುತ್ತಿತ್ತು. ಈಚೆಗೆ ಒಂದು ದಿನ ಕದ ತೆರೆದೇ ಇತ್ತಂತೆ. ಹೊರಗೆ ಬಂದು, "ಅಪ್ಪಾ, ನೀವು ಕರೆಯದೆ ಇದ್ದುದು ಕೋಪದಿಂದಲೋ, ಮರೆತೋ?" ಎಂದು ಕೇಳಿದಳಂತೆ. ತಂದೆಯು ಇದನ್ನು ನನಗೆ ಹೇಳಿದುದು ದೂರಿನ ರೂಪದಲ್ಲಿ: "ಹಣ ಕೊಟ್ಟು ಎದುರು ಮಾತು ಕಲಿಸಿದ ಹಾಗಾಯಿತು." ನನಗಾದರೋ ಆ ಪ್ರಶ್ನೆಯನ್ನು ಕೇಳಿ ಕಣ್ಣು ತುಂಬಿ ಬಂದಿತು. ನಮ್ಮ ವಂಶದಲ್ಲಿ ಮೂರು ತಲೆಮಾರಿನಿಂದ ಯಾರೂ ಯಾರನ್ನೂ ಆ ಪ್ರಶ್ನೆ ಕೇಳಿದವರಲ್ಲ. ಅವಳು ಬೆಂಗಳೂರಿಗೆ ಹೋಗುವುದನ್ನು ನಿಲ್ಲಿಸಿ ಈಗ ಐದು ವಾರ. ಕದವು ಮತ್ತೆ ಮುಚ್ಚಿಕೊಂಡಿದೆಯೆಂದು ಅವಳ ತಾಯಿ ಹೇಳಿದಳು.

ಈ ಲೇಖನದ ಮೊದಲ ಪ್ರತಿಯಲ್ಲಿ, ಸ್ನೇಹಿತರು ಪಾಂಡಿತ್ಯದ ಪ್ರದರ್ಶನಕ್ಕಾಗಿಯೇ ಹಾಗೆ ಬರೆದರೆಂದು ನಾನು ಒಂದು ವಾಕ್ಯವನ್ನು ಸೇರಿಸಿದ್ದೆನು. ಓದಿ ನೋಡಿದಾಗ, ಇಡೀ ಲೇಖನದಲ್ಲಿ ಯಾವುದನ್ನು ಖಂಡಿಸಿದ್ದೆನೋ ಅದನ್ನೇ ಅಲ್ಲಿ ಮಾಡಿದ್ದುದು ಕಂಡಿತು, ವಾಕ್ಯವನ್ನು ಹೊಡೆದುಹಾಕಿದೆನು. ಅವರು ಯಾವ ಭಾವದಿಂದ ಬರೆದರೆಂಬುದು ನನಗೆ ತಿಳಿಯದು. ಅವರ ಮನೆಯಲ್ಲಿಯೂ ಬೆಳೆಯುವ ಮಕ್ಕಳುಂಟು. ಯಾವುದೋ ಚಿಕಿತ್ಸೆಯಿಂದ ಅವರಿಗೆ ನೋವಾಗಿರಬಹುದು, ನಾನು ಬಲ್ಲವನಲ್ಲ. ಬರಹದಲ್ಲಿ ಉತ್ತರಿಸುವುದಾದರೆ ಮುಂದಿನ ಸಂಚಿಕೆಯುಂಟು. ಆದರೆ ಅದಕ್ಕೆ ಒಂದು ತಿಂಗಳು ಹಿಡಿಯುವುದು. ಈ ಸಂಚಿಕೆಯು ಕೈಸೇರಿದ ಮೊದಲ ಭಾನುವಾರ ನಾನು ಆ ಮನೆಗೆ ಹೋಗುವವನಿದ್ದೇನೆ. ನನ್ನ ಮಾತಿಗಿಂತ ಅಲ್ಲಿ ಅವರ ಮಾತಿಗೆ ಬೆಲೆ ಹೆಚ್ಚು. ಅವರು ಜೊತೆಗೆ ಬರುವುದಾದರೆ ಬೆಳಿಗ್ಗೆ ಏಳೂವರೆಯ ಬಸ್ಸಿನ ಹೊತ್ತಿಗೆ ನಾನು ನಿಲ್ದಾಣದಲ್ಲಿ ಕಾದಿರುವೆನು.